ಹೆಣ್ಣಿನ ಪಟದಲ್ಲಿ ಕೂತ ನೊಣ

"ನೋಡಿ ಮೇಷ್ಟ್ರೇ, ಕಣ್ಣೀರು ಬೀಳೋ ಜಾಗ್ದಲ್ಲೇ ಮಚ್ಚೆ. ಈ ಹೆಣ್ಣು ನಮ್ಗೆ ಬ್ಯಾಡ ಕಣ್ರೀ" ಎಂದು ಪಿರಿಯಾಪಟ್ಟಣದ ನಮ್ಮ ನೆರೆಮನೆಯ ಶಿವಣ್ಣನವರು ಒಂದು ಫೋಟೊವನ್ನು ನನ್ನ ಮುಂದಿಟ್ಟರು. ಅದು ಅವರ ಮಗನಿಗೆಂದು ಗುರುಪುರದಿಂದ ಬಂದದ್ದು. ಹುಡುಗಿಯ ಸೋದರಮಾವ ಯಾರದೋ ಡಬ್ಬಿ ಕ್ಯಾಮರಾ ತಂದು ತೆಗೆದಿದ್ದರಂತೆ. ಶಿವಣ್ಣನವರು ಮರುದಿನವೇ ಅದನ್ನು ಹಿಂದಕ್ಕೆ ಕಳಿಸುವವರಿದ್ದರು. ಓದಿದವರನ್ನು ಒಂದು ಮಾತು ಕೇಳಿ ಎಂದು ಹೆಂಡತಿ ಹೇಳಿದ್ದಕ್ಕೆ ಬಂದಿದ್ದರು.

ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದಿದ ನಾನು ಭೂತಗನ್ನಡಿ ಹಿಡಿದು ನೋಡಿದೆ. ಆ ಚುಕ್ಕೆಗೆ ಎರಡು ರೆಕ್ಕೆಗಳಿದ್ದವು. "ಇದು ಮಚ್ಚೆಯಲ್ಲ, ನೊಣ" ಎಂದೆ.

"ನೊಣ ಆದ್ರೆ ಓಡಿಸ್ತಿರ್ಲಿಲ್ವಾ? ಕೈ ಇಲ್ವಾ ಅವಳ್ಗೆ?"

ಹೋಗಿ ನೋಡಿಬಿಡೋಣ ಎಂದು ಬಲವಂತ ಮಾಡಿ ಅವರನ್ನು ಗುರುಪುರಕ್ಕೆ ಕರೆದೊಯ್ದೆ. ಹುಡುಗಿ ಕಾಫಿ ತಂದಳು. ಕೆನ್ನೆಯ ಮೇಲೆ ಏನೂ ಇರಲಿಲ್ಲ. ಆದರೂ ಶಿವಣ್ಣನವರು ತಡೆಯಲಾರದೆ ನೊಣದ ವಿಚಾರ ಕೇಳಿಯೇಬಿಟ್ಟರು.

ಅವಳು ತಲೆ ತಗ್ಗಿಸಿಕೊಂಡೇ, "ಅಲ್ಲಾಡಿದ್ರೆ ಪಟ ಕೆಡ್ತದೆ, ರೀಲು ದಂಡ ಅಂತ ಮಾವ ಎದರ್ಸಿದ್ರು. ಅದಕ್ಕೇ ಸುಮ್ನೆ ಕುಂತಿದ್ದೆ. ಅದೂ ಸುಮ್ನೆ ಕುಂತಿತ್ತು" ಎಂದಳು. ಮೊದಲು ನಕ್ಕವರು ಶಿವಣ್ಣನವರೇ. ಅಲ್ಲೇ ಮಾತುಕತೆ ಮುಗಿದು ಮದುವೆ ನಿಶ್ಚಯವಾಯಿತು.

ಆ ಫೋಟೊದಲ್ಲಿ ಅವಳ ಮುಖವೇ ಹೆಬ್ಬೆರಳಿನ ಉಗುರಿನಷ್ಟಿತ್ತು. ಅಷ್ಟು ಸಣ್ಣ ಮುಖದಲ್ಲಿ ನೊಣದ ರೆಕ್ಕೆ ಕಾಣುವುದು ಅಸಾಧ್ಯವೆಂದು ಈಗ ಬುದ್ಧಿ ಹೇಳುತ್ತದೆ. ನೆನಪಿನಲ್ಲಿ ಮಾತ್ರ ಎರಡೂ ರೆಕ್ಕೆಗಳು ಸ್ಪಷ್ಟವಾಗಿವೆ. ಅಂದು ನಾನು ಕಂಡು ಹೇಳಿದೆನೋ, ಹೇಳಿದ ಮೇಲೆ ಕಂಡೆನೋ, ಪ್ರಮಾಣ ಮಾಡಲಾರೆ.