ಎಡಗಡೆಯ ಪೆಟ್ಟಿಗೆ

ದೊಡ್ಡಬಳ್ಳಾಪುರದಲ್ಲಿ ಮಗ್ಗ ಕೆಟ್ಟು ನಿಂತರೆ ಜನ ಮೊದಲು ಫೋನು ಮಾಡುವುದು ವೇಣುಗೋಪಾಲನಿಗೆ. ಪವರ್‌ಲೂಮ್ ಶೆಡ್ಡಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟವನು ನೇರ ಒಳಗೆ ಹೋಗುವುದಿಲ್ಲ. ಅಲ್ಲೇ ಒಂದು ಗಳಿಗೆ ತಲೆ ಬಗ್ಗಿಸಿ ನಿಲ್ಲುತ್ತಾನೆ. ಸಾಲು ಮಗ್ಗಗಳು ಒಟ್ಟಿಗೆ ಬಡಿಯುತ್ತಿರುವ ಆ ಗದ್ದಲದಲ್ಲಿ, "ಆ ಮೂಲೇದ್ರಲ್ಲಿ ಲಾಳಿ ಪೆಟ್ಟು ತಪ್ತೈತೆ ನೋಡಿ" ಎನ್ನುತ್ತಾನೆ. ಸ್ಪ್ಯಾನರ್ ಹೊರಗೆ ಬರುವುದು ಆಮೇಲೆ. ಅವನ ಕೈಗಿಂತ ಅವನ ಕಿವಿಗೇ ಹೆಸರು ಹೆಚ್ಚು.

ಆ ಕಿವಿಯ ಮೇಲೆ ಹೆಂಡತಿ ಸಿಂಧುವಿಗೂ ಅಷ್ಟೇ ನಂಬಿಕೆ. ಹಾಗಾಗಿಯೇ ಸ್ಪೀಕರ್ ವಿಷಯದಲ್ಲಿ ಅವಳು ಬಾಯಿ ಹಾಕಿರಲಿಲ್ಲ.

ಮದುವೆ ಮನೆಗಳಿಗೆ ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುತ್ತಿದ್ದವನೊಬ್ಬ ಧಂದೆ ಬಿಟ್ಟಾಗ, ಅವನ ಹಳೇ ಆಂಪ್ಲಿಫಯರನ್ನು ವೇಣು ತಂದು ತಾನೇ ರಿಪೇರಿ ಮಾಡಿಟ್ಟಿದ್ದ. ಜೊತೆಗೆ ಬಂದ ಸ್ಪೀಕರುಗಳೊಳಗಿನ ಕಾಗದದ ಪರದೆ ಮಾತ್ರ ಹರಿದು ಚಿಂದಿಯಾಗಿತ್ತು. ಹಾಲಿನ ಶೆಲ್ಫಿನಲ್ಲಿ ಕೂರುವಷ್ಟು ಚಿಕ್ಕ, ಒಳ್ಳೆಯ ಒಂದು ಜೊತೆ ಬೇಕೆಂದು ವರ್ಷವಿಡೀ ಫೋನಿನಲ್ಲಿ ಹುಡುಕಿದ್ದೇ ಹುಡುಕಿದ್ದು.

"ಬುಕ್‌ಶೆಲ್ಫ್ ಸ್ಪೀಕರ್ ಅಂತಾರವ್ವ" ಎಂದು ತಾಯಿಗೆ ವಿವರಿಸಿದ್ದ.

"ಮನೇಲಿ ಒಂದು ಬುಕ್ಕಿಲ್ಲ, ಬುಕ್ಕಿನ ಸ್ಪೀಕರ್ ಯಾಕ್ಲಾ ನಿಂಗೆ?" ಎಂದಿದ್ದಳು ಅಮ್ಮಯಮ್ಮ.

ಸಿಂಧು ಹೇಳಿದ್ದು ಇಷ್ಟೇ: ಮಗಳು ಮೋನಿಷಾಳ ಕೈಗೆ ಎಟುಕಬಾರದು, ವೈರು ನೇತಾಡಬಾರದು, ಮಗುವಿನ ಎಲ್‌ಕೆಜಿಗೆಂದು ತೆಗೆದಿಟ್ಟ ದುಡ್ಡನ್ನು ಮುಟ್ಟಬಾರದು.

ವೇಣು ಮೂರಕ್ಕೂ ಒಪ್ಪಿ, ಬಸ್‌ಸ್ಟ್ಯಾಂಡ್ ಬಳಿಯ ಹರಿಪ್ರಸಾದನ ಅಂಗಡಿಯಿಂದ ಒಂದು ಜೊತೆ ತಂದ. ಹಾಕಿ ಕೂತವನು ಮುಖ ಗಂಟಿಕ್ಕಿದ. "ಎಡಗಡೇದು ಸತ್ತೋಗೈತೆ." ಅವಳಿಗೆ ಹಾಗೆ ಅನ್ನಿಸಲಿಲ್ಲ. ಆದರೆ ಗೋಡೆಯಾಚೆ ಮಗ್ಗಗಳು ಬಡಿಯುತ್ತಿರುವಾಗ ತನಗೇನು ತಿಳಿದೀತು ಎಂದು ಸುಮ್ಮನಾದಳು. ಅವನು ಅವನ್ನು ವಾಪಸು ಕೊಟ್ಟು ಬೇರೊಂದು ಜೊತೆ ತಂದ. ಸಣ್ಣ ಸ್ವರ ಹೊರಡುವ ಜಾಗದಲ್ಲಿ ಲೋಹದ ಬದಲು ರೇಷ್ಮೆ ಬಟ್ಟೆಯ ಪುಟ್ಟ ಗುಮ್ಮಟವಿದ್ದ ಪೆಟ್ಟಿಗೆಗಳು. "ನಮ್ಮೂರಿನ ಮಾಲು ಕಣೇ ಇದು!" ಎಂದು ನಕ್ಕಿದ್ದ. ನಗು ಒಂದು ಹಾಡು ಮುಗಿಯುವಷ್ಟು ಹೊತ್ತೂ ಉಳಿಯಲಿಲ್ಲ. ಮತ್ತೆ ಎಡಗಡೆಯದೇ ವೀಕು.

ಭಾನುವಾರ ಬೆಳಗ್ಗೆ ಮಗುವನ್ನು ಮುಂದೆ ನಿಲ್ಲಿಸಿಕೊಂಡು ಮೂವರೂ ಸ್ಕೂಟರಿನಲ್ಲಿ ಹೊರಟಾಗ ಅವನ ಕುತ್ತಿಗೆಯ ನರ ಉಬ್ಬಿತ್ತು. ತೊಡೆಯ ಮೇಲೆ ಪೆಟ್ಟಿಗೆಗಳ ರಟ್ಟಿನ ಡಬ್ಬವನ್ನು ಅವುಚಿಕೊಂಡಿದ್ದ ಸಿಂಧು ಹಿಂದಿನಿಂದ, "ಜಗಳ ಆಡ್ಬೇಡಿ ರೀ, ನಿಧಾನಕ್ಕೆ ಹೇಳಿ" ಎಂದಳು. ಅವನು ಉತ್ತರ ಕೊಡಲಿಲ್ಲ. ಕೋಪ ಬಂದಿದೆ ಅಂದುಕೊಂಡಳು.

ಅಂಗಡಿಯಲ್ಲಿ ವೇಣು ಡಬ್ಬವನ್ನು ಮೇಜಿನ ಮೇಲೆ ಕುಕ್ಕಿದ.

"ಏನ್ ಗುರು, ಎರಡನೇ ಸಲನೂ ಟೋಪಿ ಹಾಕ್ಬಿಟ್ಟಲ್ಲ! ಗಿರಾಕಿ ಅಂದ್ರೆ ಏನ್ ಅಂದ್ಕಂಡಿದೀಯ?"

"ಅಣ್ಣಾ, ನಿಮ್ ಕಿವಿಗೆ ಟೋಪಿ ಹಾಕಕ್ಕಾಗ್ತದಾ? ಕೂತ್ಕಳಿ. ಇಲ್ಲೇ ಹಾಕಿ ಕೇಳಣ" ಎಂದ ಹರಿಪ್ರಸಾದ. ದನಿ ಮೆತ್ತಗಿದ್ದರೂ ಮುಖ ಕೆಂಪಾಗಿತ್ತು. ಅಂಗಡಿಗೆ ಬಂದಿದ್ದ ಇನ್ನಿಬ್ಬರು ಮೊಬೈಲು ಕೆಳಗಿಟ್ಟು ನೋಡತೊಡಗಿದರು.

ಪೆಟ್ಟಿಗೆಗಳನ್ನು ಎರಡು ಸ್ಟೂಲಿನ ಮೇಲಿಟ್ಟು, ನಡುವೆ ಎದುರಿಗೆ ಕುರ್ಚಿ ಹಾಕಿದ. ಎರಡರಲ್ಲೂ ಒಂದೇ ಸದ್ದು ಬರುವಂತೆ ಗುಂಡಿ ಒತ್ತಿ ಕೊಳಲು ಹಾಕಿದ.

"ಕೇಳಿಸ್ತಾ? ಎಡಗಡೇದು ವೀಕು" ಎಂದ ವೇಣು.

ಹರಿಪ್ರಸಾದ ವೈರುಗಳನ್ನು ಅದಲುಬದಲು ಮಾಡಿದ.

"ಈಗಲೂ ಎಡಗಡೇದೇ."

ಪೆಟ್ಟಿಗೆಗಳನ್ನೇ ಎತ್ತಿ, ಎಡಗಡೆಯದನ್ನು ಬಲಕ್ಕೂ ಬಲಗಡೆಯದನ್ನು ಎಡಕ್ಕೂ ಇಟ್ಟ.

"ಎಡಗಡೇದೇ ಅಂದ್ನಲ್ಲ! ನಿನ್ ಮೆಷಿನ್ನೇ ಸರಿ ಇಲ್ಲ ಕಣಯ್ಯ. ನಾಲ್ಕು ಶೆಡ್ಡಲ್ಲಿ ಹೇಳಿದ್ರೆ ನಿನ್ನಂಗಡಿ ಮೆಟ್ಲು ಯಾರೂ ಹತ್ತಲ್ಲ."

ಹರಿಪ್ರಸಾದ ಕೊಳಲು ನಿಲ್ಲಿಸಿದ. ಏನೋ ಹೇಳಲು ಬಾಯಿ ತೆರೆದವನು ಸಿಂಧುವಿನ ಮುಖ ನೋಡಿದ.

ಇಲ್ಲಿ ಮಗ್ಗದ ಸದ್ದಿರಲಿಲ್ಲ. ಎರಡು ಪೆಟ್ಟಿಗೆಯೂ ಒಂದೇ ಸಮ ನುಡಿದಿದ್ದನ್ನು ಅವಳು ಕಿವಿಯಾರೆ ಕೇಳಿದ್ದಳು.

ಸೂಲಿಬೆಲೆಯ ಹಸು ಕಟ್ಟುವ ಮನೆಯಿಂದ ಈ ಮಗ್ಗದ ಮನೆಗೆ ಬಂದ ಹೊಸತರಲ್ಲಿ ಅವಳು ಕೂಗಿ ಕೂಗಿ ಗಂಟಲು ಕೆಡಿಸಿಕೊಂಡಿದ್ದಳು. "ಕೂಗ್ಬ್ಯಾಡ ಕಣವ್ವ, ಎದುರುಗಡೆ ನಿಂತ್ಕಂಡು ಬಾಯಾಡ್ಸು, ಕಾಣ್ತದೆ" ಎಂದು ಅತ್ತೆಯೇ ಕಲಿಸಿದ್ದಳು. ಮಗ್ಗದವರೆಲ್ಲ ಹಾಗೆಯೇ, ತುಟಿ ನೋಡಿಯೇ ಮಾತು ಹಿಡಿಯುತ್ತಾರೆ. ಎದುರಿಗೆ ನಿಂತು ಆಡಿದ ಒಂದು ಮಾತನ್ನೂ ವೇಣು ಯಾವತ್ತೂ ತಪ್ಪಿಸಿಕೊಂಡಿರಲಿಲ್ಲ. ಆದರೆ ಹಿಂದಿನಿಂದ ಆಡಿದ್ದು? ಸ್ಕೂಟರಿನಲ್ಲಿ ಆಡಿದ್ದು?

ಮತ್ತೆ ಮೋನಿ. ಅಪ್ಪ ಎತ್ತಿಕೊಂಡಾಗಲೆಲ್ಲ ಅವನ ಗಲ್ಲ ಹಿಡಿದು ಮುಖವನ್ನು ತನ್ನತ್ತ ತಿರುಗಿಸಿಕೊಂಡೇ ಮಾತಿಗೆ ಶುರುಮಾಡುತ್ತದೆ ಮಗು. ಎಂಥ ಮುದ್ದು ಎಂದು ಸಿಂಧು ಅದರ ವೀಡಿಯೊ ಮಾಡಿ ತವರಿಗೂ ಕಳಿಸಿದ್ದಳು. ವೇಣು ಎತ್ತಿಕೊಳ್ಳುವುದು ಯಾವಾಗಲೂ ಎಡಗೈಯಲ್ಲಿ.

ಅವಳು ಮೆಲ್ಲಗೆ ಅವನ ಎಡಗಡೆ, ತುಸು ಹಿಂದಕ್ಕೆ ಸರಿದು ನಿಂತಳು. ವೇಲಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದು, ಪಕ್ಕದಲ್ಲಿದ್ದವರಿಗೆ ಹೇಳುವಷ್ಟೇ ದನಿಯಲ್ಲಿ ಅಂದಳು: "ರೀ, ಮೋನಿ ಪ್ಲಗ್ಗಿಗೆ ಬೆರಳು ಹಾಕ್ತಿದಾಳೆ."

ಮೋನಿ ಬೆಂಚಿನ ಮೇಲೆ ಬಿಸ್ಕತ್ತು ತಿನ್ನುತ್ತಿದ್ದಳು. ಮೇಜಿನ ಆಚೆಯಿದ್ದ ಹರಿಪ್ರಸಾದ ಗಾಬರಿಯಿಂದ ಅತ್ತ ತಿರುಗಿದ. ಅಂಗಡಿಗೆ ಬಂದಿದ್ದವರೂ ತಿರುಗಿದರು. ವೇಣು ಮಾತ್ರ ಎದುರಿನ ಪೆಟ್ಟಿಗೆಯನ್ನು ದುರುಗುಟ್ಟಿಕೊಂಡು ಕೂತೇ ಇದ್ದ.

ಇಷ್ಟು ಜನರ ಮುಂದೆ ಇದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಹೇಳದೆ ಮನೆಗೆ ಕರೆದುಕೊಂಡು ಹೋದರೆ ಅವನು ಮೂರನೇ ಜೊತೆ ತರುತ್ತಾನೆ, ಇನ್ನೊಬ್ಬರ ಜೊತೆ ಜಗಳಕ್ಕೆ ನಿಲ್ಲುತ್ತಾನೆ. ಅಷ್ಟರಲ್ಲಿ ಮಗ್ಗದ ಸದ್ದಿಗೆ ಇನ್ನೊಂದು ಕಿವಿಯೂ ಹೋದರೆ?

ಸಿಂಧು ಮುಂದೆ ಬಂದು ಅವನ ಎದುರಿಗೆ ನಿಂತಳು. "ಒಂದ್ಸಲ ಕುರ್ಚಿ ಹಿಂದ್ಮುಂದೆ ಮಾಡ್ಕೊಂಡು ಕೂತ್ಕೊಳ್ರೀ. ಪೆಟ್ಟಿಗೆಗೆ ಬೆನ್ನು ಹಾಕಿ."

"ಯಾಕೆ?"

"ನನ್ ಸಮಾಧಾನಕ್ಕೆ."

ಅವನು ಗೊಣಗುತ್ತಲೇ ಗೋಡೆಯ ಕಡೆ ತಿರುಗಿ ಕೂತ. ಅವಳು ಕಣ್ಸನ್ನೆ ಮಾಡಿದಳು. ಹರಿಪ್ರಸಾದ ಕೊಳಲು ಹಾಕಿದ.

"ಎಡಗಡೇದು" ಎನ್ನುತ್ತ ವೇಣು ಎಡಗೈಯಿಂದ ಹಿಂದಕ್ಕೆ ತೋರಿಸಿದ. ತಾನು ತೋರಿಸಿದ ಕಡೆಗೆ ಕತ್ತು ತಿರುಗಿಸಿದ. ಅಲ್ಲಿದ್ದುದು ಈ ಕ್ಷಣದವರೆಗೆ ಅವನೇ ಸರಿಯಿದೆ ಎಂದಿದ್ದ ಪೆಟ್ಟಿಗೆ.

ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಅವನು ಅಂಗೈಯಿಂದ ಬಲಗಿವಿ ಮುಚ್ಚಿದ. ತೆಗೆದ. ಎಡಗಿವಿ ಮುಚ್ಚಿದ. ಮತ್ತೆ ಬಲಗಿವಿ. ಒಂದು ಮಗ್ಗ ನಿಲ್ಲಿಸಿ ಪಕ್ಕದ್ದನ್ನು ಪರೀಕ್ಷಿಸುವಾಗ ಅವನ ಮುಖ ಹೇಗಿರುತ್ತದೋ ಹಾಗೇ ಇತ್ತು. ಎಲ್ಲಿ ಕೆಟ್ಟಿದೆ ಎಂದು ಗೊತ್ತಾದಾಗ ಬರುವ ಆ ಸಣ್ಣ ತಲೆದೂಗುವಿಕೆ ಮಾತ್ರ ಬರಲಿಲ್ಲ.

"ನಿಲ್ಸು ಹರಿ" ಎಂದ. ಎದ್ದು ಕುರ್ಚಿಯನ್ನು ತಾನೇ ಸರಿಮಾಡಿಟ್ಟ. "ಪೆಟ್ಟಿಗೇಲೇನೂ ಇಲ್ಲಪ್ಪ. ಟೋಪಿ ಅಂದ್ಬಿಟ್ಟೆ. ಮನಸ್ಸಿಗೆ ಹಚ್ಕಬ್ಯಾಡ."

"ಬಿಡಣ್ಣ. ಇವನ್ನೇ ತಗಂಡ್ ಹೋಗಿ. ಎರಡ್ರಲ್ಲೂ ಒಂದೇ ಸದ್ದು ಬರೋ ಗುಂಡಿ ನಿಮ್ ಮೆಷಿನ್ನಲ್ಲೂ ಇರ್ತದೆ, ಅದೊತ್ತಿದ್ರೆ ಹಾಡಿನ ಒಂದೆಳೆನೂ ತಪ್ಪೋಗಲ್ಲ" ಎಂದ ಹರಿಪ್ರಸಾದ, ಅವನ ಮುಖ ನೋಡದೆ ಡಬ್ಬಕ್ಕೆ ದಾರ ಕಟ್ಟುತ್ತ.

ಕೆಳಗೆ ಸ್ಕೂಟರಿನ ಹತ್ತಿರ ವೇಣು ಕೀಲಿ ಹಿಡಿದು ನಿಂತ. "ಅವ್ವಂಗೆ ಹೇಳ್ಬ್ಯಾಡ. ಶೆಡ್ಡಿನೋರಿಗಂತೂ ಗೊತ್ತಾಗ್ಲೇಬಾರ್ದು. ನನ್ನನ್ನ ಕರೆಯೋದೇ ಕಿವಿ ನಂಬಿ ಕಣೇ."

"ನಾನ್ಯಾಕೆ ಹೇಳ್ಲಿ. ಆದ್ರೆ ನಾಳೆ ಬೆಳಗ್ಗೆ ಕಿವಿ ಡಾಕ್ಟ್ರ ಹತ್ರ ಮೊದ್ಲು, ಶೆಡ್ಡು ಆಮೇಲೆ. ಇನ್ಮೇಲೆ ಕಿವಿಗೆ ಏನಾದ್ರೂ ಇಟ್ಕೊಂಡೇ ಒಳಗೆ ಹೋಗೋದು."

"ಕಿವಿ ಮುಚ್ಕಂಡು ಮಗ್ಗ ಹೆಂಗ್ ನೋಡ್ಲಿ?"

"ಅದನ್ನೂ ಡಾಕ್ಟ್ರನ್ನೇ ಕೇಳಣ" ಎಂದಳು.

ಮೋನಿ ಎರಡೂ ಕೈ ಚಾಚಿದಳು. ವೇಣು ಎಂದಿನಂತೆ ಎಡಗೈಗೆ ಎತ್ತಿಕೊಂಡ. ಮಗು ಬಿಸ್ಕತ್ತಿನ ಪುಡಿ ಮೆತ್ತಿದ ಬೆರಳುಗಳಿಂದ ಅವನ ಗಲ್ಲ ಹಿಡಿದು ಮುಖ ತಿರುಗಿಸಿಕೊಳ್ಳಲು ಹೊರಟಿತು. ಅವನು ಆ ಕೈಯನ್ನು ಹಾಗೇ ಹಿಡಿದುಕೊಂಡ. ಬೀದಿಯಲ್ಲಿ ಬಸ್ಸೊಂದು ಹಾರ್ನು ಹೊಡೆದುಕೊಂಡು ಹೋಯಿತು.

ಅವನು ಮಗುವನ್ನು ಬಲಗೈಗೆ ಬದಲಾಯಿಸಿಕೊಂಡ.

"ಈ ಕಡೆಯಿಂದ ಹೇಳವ್ವ, ಕೇಳುಸ್ತದೆ" ಎಂದ.