ತುಟಿ ಸೇರುವ ಅಕ್ಷರ

ಹಲ್ಲಣ್ಣನಿಗೆ ತನ್ನ ಸ್ವಂತ ಹೆಸರೆಂದರೆ ಹೆದರಿಕೆ. ಅದು 'ಪ' ಅಕ್ಷರದಿಂದ ಶುರುವಾಗುತ್ತದೆ. 'ಪ' ಬಂತೆಂದರೆ ಅವನ ತುಟಿಗಳೆರಡೂ ಸೇರಿ ಅಂಟು ಹಾಕಿದಂತೆ ಕೂತುಬಿಡುತ್ತವೆ; ಒಳಗಿನ ಉಸಿರು ಬಾಗಿಲು ತಟ್ಟುತ್ತದೆ, ಬಾಗಿಲು ತೆರೆಯುವುದಿಲ್ಲ. ಕಟ್ಟುಹಲ್ಲು ಮಾಡುವ ಕೆಲಸಕ್ಕೆ ಸೇರಿದ ಮೊದಲ ವಾರವೇ ಯಾರೋ ಅವನನ್ನು 'ಹಲ್ಲಣ್ಣ' ಎಂದು ಕರೆದರು. ಬೇರೆಯವರಾಗಿದ್ದರೆ ಮುನಿಸಿಕೊಳ್ಳುತ್ತಿದ್ದರು. ಅವನು ಆ ಅಡ್ಡಹೆಸರನ್ನು ಬಿಸಿಲಲ್ಲಿ ಕೊಡೆ ಸಿಕ್ಕಂತೆ ಹಿಡಿದುಕೊಂಡ.

ಅವನಿಗೆ ಉಗ್ಗು ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ಬದುಕಿದ್ದ. ಮಾತಿನ ದಾರಿಯಲ್ಲಿ ಹತ್ತು ಹೆಜ್ಜೆ ಮುಂದೆ 'ಪ' ಕಂಡರೆ ಮೆಲ್ಲಗೆ ಓಣಿಗೆ ತಿರುಗಿಬಿಡುತ್ತಿದ್ದ. ಅಚ್ಚು ತೆಗೆಯುವ ಪ್ಲಾಸ್ಟರ್ ಅವನ ಬಾಯಲ್ಲಿ 'ಬಿಳಿ ಹಿಟ್ಟು'. ಪಕ್ಕದ ಮನೆ 'ಆಚೆ ಮನೆ'. ಪರವಾಗಿಲ್ಲ ಎನ್ನುವ ಕಡೆ 'ಇರಲಿ ಬಿಡಿ'. ಒಂದು ಪದಕ್ಕೆ ಹತ್ತು ಪದ ಇಟ್ಟುಕೊಂಡ ತಾಯ್ನುಡಿ ಅವನನ್ನು ನಲವತ್ತೊಂದು ವರ್ಷ ಸೆರಗಿನಲ್ಲಿ ಬಚ್ಚಿಟ್ಟು ಸಾಕಿತ್ತು.

ಗೊತ್ತಿದ್ದವಳು ಹೆಂಡತಿ ಒಬ್ಬಳೇ. ಅವಳೂ ಬಾಯಿಬಿಟ್ಟು ಆಡಿದವಳಲ್ಲ. ಯಾವುದಾದರೂ ಕೌಂಟರಿನಲ್ಲಿ ಹೆಸರು ಕೇಳಿದರೆ ತಾನೇ ಮುಂದಾಗಿ ಹೇಳುತ್ತಿದ್ದಳು, ಅಷ್ಟೇ. ಈಗ ಎರಡು ವರ್ಷದಿಂದ ಅವಳು ಹೊರದೇಶದ ವೃದ್ಧಾಶ್ರಮವೊಂದರಲ್ಲಿ ದಾದಿ. ಮಗಳಿಗೆ ಈಗ ಏಳು ವರ್ಷ; ಅವಳನ್ನು ಹೋದ ವರ್ಷ ಕರೆಸಿಕೊಂಡಿದ್ದಳು. ಗಂಡ ಹೋಗಿ ಸೇರಬೇಕಾದರೆ ಆ ದೇಶದ ಭಾಷೆಯಲ್ಲಿ ಪರೀಕ್ಷೆ ಪಾಸಾಗಿರಬೇಕು. ಈ ಸಲ ತಪ್ಪಿದರೆ ಅವಳು ಹಾಕಿದ ಅರ್ಜಿಯ ಅವಧಿ ಮುಗಿಯುತ್ತದೆ. ಮತ್ತೆ ಹಾಕಲು ಎರಡು ವರ್ಷ ಕಾಯಬೇಕು. ಅಷ್ಟರಲ್ಲಿ ಮಗಳಿಗೆ ಒಂಬತ್ತು. ಈಗಾಗಲೇ ಮಗಳು ಫೋನಿನಲ್ಲಿ ಆ ಭಾಷೆಯಲ್ಲೇ ಅಚ್ಚರಿಪಡುತ್ತಿದ್ದಳು, ಆ ಭಾಷೆಯಲ್ಲೇ ಸಿಟ್ಟಾಗುತ್ತಿದ್ದಳು.

ಫೋನಿನಲ್ಲಿ ಹಲ್ಲಣ್ಣ ಯಾವುದಾದರೂ ಪದದಲ್ಲಿ ಸಿಕ್ಕಿಕೊಂಡು ಸುಮ್ಮನಾದರೆ ಹೆಂಡತಿ ಕಾಪಾಡುವಳು: "ಲೈನ್ ಸರಿ ಇಲ್ಲ ಅನ್ಸುತ್ತೆ ರೀ, ಆಮೇಲೆ ಮಾಡ್ತೀನಿ." ಲೈನಿಗೆ ಯಾವತ್ತೂ ಏನೂ ಆಗಿರುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತು.

ಆ ಭಾಷೆ ಕಲಿಸುವ ಸಂಜೆ ತರಗತಿಯ ಟೀಚರು ಗಟ್ಟಿಗಿತ್ತಿ. "ನೋಡಿ, ಎರಡು ಥರ ಪರೀಕ್ಷೆ ಇದೆ," ಎಂದರು. "ಒಂದರಲ್ಲಿ ಕಂಪ್ಯೂಟರ್ ಮುಂದೆ ಕೂತು ಮೈಕಿಗೆ ಹೇಳೋದು. ಇನ್ನೊಂದರಲ್ಲಿ ಇಬ್ಬರು ಎದುರಿಗೆ ಕೂತು ಕೇಳ್ತಾರೆ. ವೀಸಾದವರಿಗೆ ಎರಡೂ ಒಂದೇ. ಶುಕ್ರವಾರದೊಳಗೆ ಆರಿಸಿ ಅರ್ಜಿ ಕೊಡಿ. ನಾನಂತೂ ಕಂಪ್ಯೂಟರ್ ಅಂತೀನಿ. ಅದು ಹುಬ್ಬು ಗಂಟಿಕ್ಕಲ್ಲ."

"ಮುಖ ಇಲ್ಲದ್ದೇ ವಾಸಿ ಮೇಡಂ," ಎಂದ ಹಲ್ಲಣ್ಣ.

ಅಂದೇ ಮಾದರಿ ಪರೀಕ್ಷೆಗೆ ಕೂರಿಸಿದರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡ. ಯಂತ್ರ ಸಿಹಿಯಾದ ದನಿಯಲ್ಲಿ ಹೆಸರು ಕೇಳಿತು. ತುಟಿ ಸೇರಿತು. ಒಂದು, ಎರಡು, ಮೂರು, ನಾಲ್ಕು, ಐದು ಸೆಕೆಂಡು. ಟಿಣ್! 'ಉತ್ತರ ದಾಖಲಾಗಿಲ್ಲ' ಎಂದು ಪರದೆಯ ಮೇಲೆ ಬಂದು, ಯಂತ್ರ ಮುಂದಿನ ಪ್ರಶ್ನೆಗೆ ಹೊರಟೇಬಿಟ್ಟಿತು. ಮುಖವಿಲ್ಲದ್ದಕ್ಕೆ ತಾಳ್ಮೆಯೂ ಇರುವುದಿಲ್ಲ ಎಂಬುದು ಅವನಿಗೆ ಹೊಳೆದಿರಲಿಲ್ಲ.

"ಮೈಕ್ ಕೆಟ್ಟಿರಬೇಕು," ಎಂದರು ಟೀಚರು.

"ಹೌದು ಮೇಡಂ, ಮೈಕೇ."

"ಹಾಗಾದ್ರೆ ನನಗೇ ಹೇಳಿ. ಮನೇಲಿ ಯಾರ್ಯಾರಿದ್ದಾರೆ? ಮಗಳಿಗೆ ನೀವೇನಾಗಬೇಕು?"

ಕನ್ನಡದ 'ಅಪ್ಪ' ಬಾಯಿ ತೆರೆದುಕೊಂಡೇ ಹುಟ್ಟುವ ಪದ. ಆ ಭಾಷೆಯಲ್ಲಿ ಮಾತ್ರ ಅಪ್ಪನೂ 'ಪ'ದಿಂದಲೇ ಶುರು. ಅಲ್ಲಿ ಅವನಿಗೆ ಗೊತ್ತಿದ್ದದ್ದು ಒಂದಕ್ಕೆ ಒಂದೇ ಪದ. ತಿರುಗಲು ಓಣಿಯೇ ಇಲ್ಲ. ಹೇಗೋ ತಡಕಾಡಿ ಒಂದು ಮಾಡಿಕೊಂಡ: 'ನಾನು ಅವಳ ತಾಯಿಯ ಗಂಡ.'

ಟೀಚರು ಕಣ್ಣರಳಿಸಿದರು. "ಅಯ್ಯೋ, ನೀವು ಮಲತಂದೆನಾ? ಇಷ್ಟು ದಿನ ಹೇಳೇ ಇಲ್ವಲ್ಲ!"

"ಅಲ್ಲ ಅಲ್ಲ ಮೇಡಂ, ನನ್ನ ಮಗಳೇ."

"ಮತ್ತೆ ಹಾಗೇ ಹೇಳಿ! ತಾಯಿಯ ಗಂಡ ಅಂದ್ರೆ ಅವರು ಮಲತಂದೆ ಅಂತಲೇ ಬರ್ಕೊಳ್ತಾರೆ. ದಾಖಲೆಯಲ್ಲಿ ಒಂದು, ನಿಮ್ಮ ಬಾಯಲ್ಲಿ ಇನ್ನೊಂದು. ಹೆತ್ತ ಮಗಳನ್ನ ಒಂದು ಮಾತಲ್ಲಿ ಕಳ್ಕೊಂಡು ಬರ್ತೀರ, ಹುಷಾರು!"

ತರಗತಿ ನಕ್ಕಿತು. ಅವನೂ ನಕ್ಕ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡದೆಯೂ ಹೋಗುವುದುಂಟು ಎಂದು ಗಾದೆ ಕಟ್ಟಿದವರಿಗೆ ಯಾರು ಹೇಳಬೇಕು?

ಪರೀಕ್ಷೆಯ ಅರ್ಜಿಯ ಮೂರನೆಯ ಪುಟದಲ್ಲಿ ಒಂದು ಸಾಲಿತ್ತು: 'ಮಾತಿಗೆ ಸಂಬಂಧಿಸಿದ ತೊಂದರೆ ಇದೆಯೇ?' ಹೌದೆಂದರೆ ವೈದ್ಯರ ಪತ್ರ ಬೇಕು, ಎದುರು ಕೂರುವ ಪರೀಕ್ಷೆಯನ್ನೇ ತೆಗೆದುಕೊಳ್ಳಬೇಕು, ಸಮಯ ಹೆಚ್ಚು ಸಿಗುತ್ತದೆ. ಆ ಸಾಲು ತನ್ನನ್ನೇ ದಿಟ್ಟಿಸುತ್ತಿದೆ ಅನ್ನಿಸಿತು. ಪೆನ್ನು ಹಿಡಿಯುವ ಧೈರ್ಯ ಬಾರದೆ, ಹಲ್ಲಿನ ಅಚ್ಚಿಗೆ ಗುರುತು ಹಾಕುವ ಪೆನ್ಸಿಲಿನಲ್ಲೇ 'ಇಲ್ಲ' ಎಂದು ಗೀಟು ಹಾಕಿ ಮಡಿಸಿಟ್ಟ.

ಬುಧವಾರ ಬೆಳಿಗ್ಗೆ ಅವನು ಕೆಲಸ ಮಾಡುವ ಹಲ್ಲಿನ ಕ್ಲಿನಿಕ್ಕಿಗೆ ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯಿನಿ ಬಂದರು. ಐದು ದಿನದ ಹಿಂದೆ ಅವನೇ ಅವರಿಗೆ ಮೇಲಿನ ಸಾಲು ಪೂರ್ತಿ ಕಟ್ಟಿಕೊಟ್ಟಿದ್ದ. ಡಾಕ್ಟರು ಇನ್ನೂ ಬಂದಿರಲಿಲ್ಲ. ಅವನೇ ಕುರ್ಚಿಯಲ್ಲಿ ಕೂರಿಸಿ, "ಎಲ್ಲಾದ್ರೂ ಒತ್ತುತ್ತಾ ಮೇಡಂ?" ಎಂದು ಕೇಳಿದ.

"ಇಲ್ಲಪ್ಪ. ಊಟಕ್ಕೇನೂ ತೊಂದರೆ ಇಲ್ಲ. ಮಾತಿಗೇ ಒಂಚೂರು... ಹೋಗಿ ಬನ್ನಿ ಅಂತ ನನ್ನ ಮಗನ ಹೆಂಡತಿ ಹೇಳಿದಳು. ನಿನ್ನೆ ಅಂಗಡೀಲಿ, ಟೀಗೆ ಹಾಕೋ ಬಿಳೀದು ಒಂದು ಕಿಲೋ ಕೊಡಪ್ಪ ಅಂದೆ. ಅವನು ಹಾಲಿನ ಪುಡಿ ಕೊಟ್ಟ."

ಮಗನ ಹೆಂಡತಿ. ಟೀಗೆ ಹಾಕೋ ಬಿಳೀದು. ಈ ಓಣಿಗಳು ಹಲ್ಲಣ್ಣನಿಗೆ ಗೊತ್ತಿದ್ದವೇ. "ಸೊಸೆ, ಸಕ್ಕರೆ ಅನ್ನೋಕೆ ಆಗ್ತಿಲ್ವಾ?"

"ಸುಂಯ್ ಅಂತ ಸೀಟಿ ಹೊಡೆಯುತ್ತಲ್ಲಯ್ಯ ನೀನು ಮಾಡಿದ ಹಲ್ಲು! ಇನ್ನು ನಾನು ಪೊಲೀಸಿಗೆ ಸೇರಬೇಕಷ್ಟೆ."

"ಬಿಳಿ ಹಿಟ್ಟಿನ ಅಚ್ಚು ಇದೆ, ಅದರ ಮೇಲೆ ಕೂರಿಸಿ ಒಂಚೂರು ಉಜ್ಜಿ ಕೊಡ್ತೀನಿ. ಆಮೇಲೆ ಕನ್ನಡಿ ನೋಡ್ತಾ ದಿನಾ ಹೇಳಿ. ಅವಸರ ಇಲ್ಲ. ಸೀಟಿ ಬಂದ್ರೆ ಬರಲಿ."

"ಬಿಳಿ ಹಿಟ್ಟು ಅಂದ್ರೆ ಪ್ಲಾಸ್ಟರ್ ತಾನೆ?"

"ಹೂಂ, ಅದೇ."

"ಮತ್ತೆ ಅದನ್ನೇ ಹೇಳಬಹುದಲ್ಲ?"

ಅವನು ತಲೆ ತಗ್ಗಿಸಿ, ಕಟ್ಟುಹಲ್ಲು ಉಜ್ಜುವ ಅರವನ್ನು ಒರೆಸತೊಡಗಿದ. ಅವರು ಅವನ ಮುಖವನ್ನೇ ನೋಡಿದರು, ಹಿಂದಿನ ಬೆಂಚಿನ ಹುಡುಗನನ್ನು ನೋಡುವಂತೆ. "ಹಾವಿನ ಹೆಜ್ಜೆ ಹಾವೇ ಬಲ್ಲದು," ಎಂದರು ಮೆಲ್ಲಗೆ. "ಐದು ದಿನ ಸುತ್ತು ದಾರೀಲಿ ನಡೆದಿದ್ದಕ್ಕೇ ನನಗೆ ಸುಸ್ತಾಗಿದೆ. ನೀನು ಎಷ್ಟು ವರ್ಷದಿಂದ?"

ಅರ ಕೈಜಾರಿ ನೆಲಕ್ಕೆ ಬಿತ್ತು. ಅದನ್ನು ಎತ್ತಲು ಬಗ್ಗಿದವನಿಗೆ ಮತ್ತೆ ಮೇಲೇಳುವುದೇ ಬೇಡವೆನಿಸಿತು. "ಚಿಕ್ಕಂದಿನಿಂದ," ಎಂದ. "ಒಂದೇ ಅಕ್ಷರ ಮೇಡಂ. ಯಾರಿಗೂ ಹೇಳ್ಬೇಡಿ."

"ನಾನು ಹೇಳಲ್ಲ. ಆದರೆ ನನಗೆ 'ಅವಸರ ಇಲ್ಲ' ಅಂದೋನು ನೀನು. ನಿನಗೆ ಯಾರೂ ಹಾಗೆ ಅಂದಿಲ್ವಾ?"

ಅಂದು ಅವನಿಗೆ ಊಟ ಸೇರಲಿಲ್ಲ. ಹಗುರವೂ ಆಗಲಿಲ್ಲ. ಒಬ್ಬರು ಐದು ದಿನದಲ್ಲಿ ಹಿಡಿದದ್ದನ್ನು ಪರೀಕ್ಷಕರು ಐದು ನಿಮಿಷದಲ್ಲಿ ಹಿಡಿಯುತ್ತಾರೆ ಎಂಬ ಭಯವೇ ಹೆಚ್ಚಾಯಿತು. ಆದರೂ ಗುರುವಾರ ಮಧ್ಯಾಹ್ನ ಅರ್ಜಿ ಬಿಚ್ಚಿ, ಪೆನ್ಸಿಲಿನ ಗೀಟನ್ನು ರಬ್ಬರಿನಿಂದ ಅಳಿಸಿ, 'ಹೌದು' ಎಂಬಲ್ಲಿ ಪೆನ್ನಿನಿಂದ ಗುರುತು ಹಾಕಿದ. ವೈದ್ಯರ ಪತ್ರಕ್ಕಾಗಿ ಆಸ್ಪತ್ರೆಯ ಮೂರು ಕೌಂಟರುಗಳಲ್ಲಿ ಹೆಸರು ಹೇಳಬೇಕಾಯಿತು. ಎರಡು ಕಡೆ ಗುರುತಿನ ಚೀಟಿ ತೋರಿಸಿ ಪಾರಾದ. ಮೂರನೆಯ ಕಡೆ ಪಾರಾಗಲಿಲ್ಲ. ಹಿಂದೆ ನಿಂತವರು ನಿಟ್ಟುಸಿರುಬಿಟ್ಟದ್ದು ಬೆನ್ನಿಗೆ ತಾಗಿತು.

ಪರೀಕ್ಷೆಯ ಕೋಣೆಯಲ್ಲಿ ಒಂದು ಮೇಜು, ಒಂದು ಗಡಿಯಾರ, ಕನ್ನಡಕದ ಒಬ್ಬ ಗಂಡಸು, ಪೆನ್ನು ಹಿಡಿದ ಒಬ್ಬ ಹೆಂಗಸು. ಅವಳು ನಗುತ್ತಾ ಹೆಸರು ಕೇಳಿದಳು.

ತುಟಿಗಳು ಸೇರಿದವು. ಉಸಿರು ಬಂದು ಒಳಗಿನಿಂದ ತಟ್ಟಿತು. ಐದು ಸೆಕೆಂಡು ಕಳೆಯಿತು, ಟಿಣ್ ಎನ್ನಲಿಲ್ಲ. ಹತ್ತು ಕಳೆಯಿತು. ಕತ್ತಿನ ನರ ಉಬ್ಬಿ, ಕಣ್ಣಿಗೆ ನೀರು ಬಂತು. ಕನ್ನಡಕದವನು ಕಿಟಕಿಯತ್ತ ನೋಡಿದ. ಹೆಂಗಸು ನೋಟ ಕದಲಿಸಲಿಲ್ಲ. ಪೆನ್ನನ್ನು ಮೇಜಿನ ಮೇಲಿಟ್ಟು, ಕೈ ಕಟ್ಟಿ ಕೂತಳು. ಅಚ್ಚು ಗಟ್ಟಿಯಾಗುವ ಮೊದಲು ಎಳೆದರೆ ಮುರಿಯುತ್ತದೆ. ಇಪ್ಪತ್ತು ವರ್ಷ ಅವನು ಹಾಗೆಯೇ ಕೈ ಕಟ್ಟಿ ಕಾದಿದ್ದ.

ಹೆಸರು ಮೂರು ಚೂರಾಗಿ ಹೊರಬಂತು.

ಆಮೇಲೆ ಮನೆಯವರ ಬಗ್ಗೆ ಕೇಳಿದರು. ಮಗಳಿದ್ದಾಳೆ ಎಂದ. ನೀವು ಅವಳಿಗೇನಾಗಬೇಕು? 'ತಾಯಿಯ ಗಂಡ' ಎಂಬ ಓಣಿ ಪಕ್ಕದಲ್ಲೇ ತೆರೆದಿತ್ತು. ನೆರಳಿತ್ತು, ಯಾರೂ ಇರಲಿಲ್ಲ. ಅವನು ತಿರುಗಲಿಲ್ಲ. ಬಿಸಿಲಲ್ಲೇ ನಿಂತ, ತುಟಿ ಬಿಗಿದುಕೊಂಡು, ಎಲ್ಲರ ಕಣ್ಣೆದುರಿಗೆ, ಆ ಪದ ಬರುವ ತನಕ.

ಹೊರಗೆ ಬಂದಾಗ ಅಂಗಿ ಬೆನ್ನಿಗೆ ಅಂಟಿತ್ತು. ಗೆದ್ದೆನೆಂದೂ ಅನ್ನಿಸಲಿಲ್ಲ, ಸೋತೆನೆಂದೂ ಅನ್ನಿಸಲಿಲ್ಲ. ಮೂರು ವಾರ ಫೋನು ಗುಂಯ್ ಎಂದಾಗಲೆಲ್ಲ ಕೆಲಸ ಬಿಟ್ಟು ಎದ್ದು ಓಡುತ್ತಿದ್ದ. ಒಂದು ಬೆಳಿಗ್ಗೆ, ಕೈಯಲ್ಲಿ ಮೇಣ ಮೆತ್ತಿಕೊಂಡಿದ್ದಾಗ, ಫಲಿತಾಂಶ ಬಂತು. ಮಾತಿನ ವಿಭಾಗದಲ್ಲಿ ಅರವತ್ತು ಅಂಕ ಬೇಕಿತ್ತು. ಅರವತ್ತೆರಡು ಬಂದಿತ್ತು.

ಹೆಂಡತಿಗೆ ಫೋನ್ ಮಾಡಿದ. "ಬಂತಾ? ಏನಾಯ್ತು ರೀ? ಬೇಗ ಹೇಳಿ!" ಎಂದಳು.

ಆಯ್ತು ಕಣೆ ಅನ್ನಬಹುದಿತ್ತು. ಗೆದ್ದೆ ಅನ್ನಬಹುದಿತ್ತು. ಓಣಿಗಳು ಒಂದಲ್ಲ, ನಾಲ್ಕಿದ್ದವು. ನಾಳೆ ವಿಮಾನ ನಿಲ್ದಾಣದಲ್ಲಿ, ಗಡಿಯ ಗಾಜಿನ ಹಿಂದೆ, ಹೊಸ ಕೆಲಸದ ಬಾಗಿಲಲ್ಲಿ ಯಾರ್ಯಾರೋ ಹೆಸರು ಕೇಳುವವರಿದ್ದರು. ಆ ಭಯ ಎಲ್ಲಿಗೂ ಹೋಗಿರಲಿಲ್ಲ. ಅವನು 'ಪಾಸಾದೆ' ಎನ್ನಲು ತುಟಿ ಸೇರಿಸಿದ.

ಆ ಕಡೆ ಮಗಳ ದನಿ ಕೇಳಿಸಿತು. "ಅಮ್ಮಾ, ಲೈನ್ ಹೋಯ್ತಾ?"

ಈ ಸಲ ಹೆಂಡತಿ ಫೋನ್ ಇಡಲಿಲ್ಲ.

"ಲೈನ್ ಚೆನ್ನಾಗಿದೆ ಕಣೆ," ಎಂದಳು. "ಅಪ್ಪ ಮಾತಾಡ್ತಿದ್ದಾರೆ. ಸುಮ್ನಿರು, ಕೇಳೋಣ."