ವರ್ಷ ತುಂಬಿದ ರೇಡಿಯೋಗಳ ತುಕ್ರಪ್ಪ

ಮೆಲ್ಕಾರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತುಕ್ರಪ್ಪ ಜಗಲಿಯಲ್ಲಿ ಕುಕ್ಕರಗಾಲಲ್ಲಿ ಕೂತು ತೆಂಗಿನ ಗೆರಟೆಯ ಕೆಂಡ ಊದುತ್ತಿದ್ದಾರೆ. ಕೆಂಡದೊಳಗೆ ಬೆಸುಗೆಯ ಕೋಲು ಕಾಯುತ್ತಿದೆ. ಮನೆಗೆ ಕರೆಂಟಿಲ್ಲ, ಪೇಟೆಯವರು ಸ್ವಿಚ್ಚು ಒತ್ತಿ ಮಾಡುವ ಕೆಲಸವನ್ನು ಇವರು ಊದಿ ಊದಿ ಮಾಡಬೇಕು. ಕಣ್ಣು ಸದಾ ಕೆಂಪು. "ಅತ್ತದ್ದಲ್ಲ ಮಾರಾಯ್ರೆ, ಹೊಗೆ" ಎಂದು, ಕೆಲಸ ನೋಡಲು ಬಂದ ನಾನು ಕೇಳುವ ಮೊದಲೇ ಹೇಳುತ್ತಾರೆ.

ಎದುರಿನ ಬೆಂಚಿನಲ್ಲಿ ಸೇಸಮ್ಮ ಕೂತಿದ್ದಾರೆ. ಪೊಳಲಿಯ ಕಡೆಯವರು. ನಿನ್ನೆ ಸಂಜೆಯೇ ಬಂದು ಇಲ್ಲೇ ಹತ್ತಿರದ ನೆಂಟರ ಮನೆಯಲ್ಲಿ ಉಳಿದು, ಬೆಳಕು ಹರಿಯುವ ಮೊದಲೇ ಎದ್ದು ಬಂದಿದ್ದಾರೆ. ಮಡಿಲಲ್ಲಿ ಮೈ ಒರೆಸುವ ಬೈರಾಸಿನಲ್ಲಿ ಸುತ್ತಿದ ಟ್ರಾನ್ಸಿಸ್ಟರ್. ಅದು ಮಗ ಸುಧಾಕರನದ್ದು. ಕಳೆದ ಮಳೆಗಾಲದಲ್ಲಿ ಅವನನ್ನು ಹೊಳೆ ಕೊಂಡುಹೋಯಿತು. ವರ್ಷದ ಕಾರ್ಯ ಮೊನ್ನೆಯಷ್ಟೇ ಮುಗಿದಿದೆ.

ಈ ಕಡೆಯ ಎಷ್ಟೋ ಮನೆಗಳಲ್ಲಿ, ಸಾವಾದರೆ ವರ್ಷ ತುಂಬುವವರೆಗೆ ರೇಡಿಯೋ ಹಾಕುವ ಕ್ರಮ ಇಲ್ಲ. ಅದು ಸರಿಯೇ. ಆದರೆ ಆ ಸಂಕಟದಲ್ಲಿ ಒಳಗಿನ ಸೆಲ್ ತೆಗೆದಿಡಬೇಕೆಂದು ಯಾರಿಗೆ ನೆನಪಾದೀತು? ಸೆಲ್ ಅಲ್ಲೇ ಉಬ್ಬಿ ಸೋರುತ್ತದೆ. ಸೋರಿದ ನೀರು ಸರ್ಕ್ಯೂಟ್ ಬೋರ್ಡಿನ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ವರ್ಷ ಕಳೆದು ಒಂದು ದಿನ ಧೈರ್ಯ ಮಾಡಿ ತಿರುಗಿಸಿದರೆ ಸದ್ದೇ ಇಲ್ಲ. ಮನೆಯವರಿಗೆ ಸತ್ತವರು ಇನ್ನೊಮ್ಮೆ ಸತ್ತಂತಾಗುತ್ತದೆ. ಅಂಥ ರೇಡಿಯೋಗಳು ಬೆಳ್ತಂಗಡಿಯಿಂದ, ಮೂಡುಬಿದಿರೆಯಿಂದ ಬಸ್ಸು ಹತ್ತಿ ಈ ಜಗಲಿಗೆ ಬರುತ್ತವೆ.

"ಅಂಗಡಿಯಲ್ಲಿ ಬೋರ್ಡೇ ಹೋಗಿದೆ, ಹೊಸತು ತಕೊಳ್ಳಿ ಹೇಳ್ತಾರೆ" ಎನ್ನುತ್ತಾರೆ ತುಕ್ರಪ್ಪ. "ಹೊಸತು ಬೇಕಾದವರು ಇಲ್ಲಿಯವರೆಗೆ ಯಾಕೆ ಬರ್ತಾರೆ? ಅವರಿಗೆ ಇದೇ ಆಗಬೇಕು."

ಕೆಲಸ ಕಲಿತದ್ದು ಮಂಗಳೂರಿನ ಒಂದು ಅಂಗಡಿಯಲ್ಲಿ, ದೊಡ್ಡ ದೊಡ್ಡ ವಾಲ್ವ್ ರೇಡಿಯೋಗಳ ಕಾಲದಲ್ಲಿ. ಟ್ರಾನ್ಸಿಸ್ಟರ್ ಬಂದಾಗ ಯಜಮಾನರು ಅದನ್ನು ಮಕ್ಕಳಾಟಿಕೆ ಎಂದರಂತೆ. ಇವರು ಅಲ್ಲ ಎಂದರು. ಮಾತಿಗೆ ಮಾತು ಬೆಳೆದು ಊರಿಗೆ ಬಂದುಬಿಟ್ಟರು. ಆ ವರ್ಷವೇ ದಮಯಂತಿಯನ್ನು ಮದುವೆಯಾದರು. ಕೆಂಡ ಊದುವುದು, ದೀಪ ಹಿಡಿಯುವುದು ಆಕೆಯ ಪಾಲಿಗೆ ಬಂತು. "ರೇಡಿಯೋ ಹಾಕದಿದ್ದರೆ ಸೆಲ್ ತೆಗೆದಿಡಿ" ಎಂದು ಇವರು ಬಂದವರಿಗೆಲ್ಲ ಹೇಳುವುದನ್ನು ಕೇಳಿ ಕೇಳಿ, ಒಳಗಿನಿಂದ ಆಕೆಯೇ ಅಣಕಿಸಿ ಹೇಳುತ್ತಿದ್ದರಂತೆ.

ಈಗ ಸುಧಾಕರನ ರೇಡಿಯೋದ ಬೆನ್ನು ಬಿಚ್ಚಿಕೊಂಡಿದೆ. ಒಳಗೆಲ್ಲ ಹಸಿರು ಕಿಲುಬು.

"ಸ್ಟೇಷನ್ನಿನ ಮುಳ್ಳು ತಿರುಗಿಸಬೇಡ ಮಗಾ" ಎನ್ನುತ್ತಾರೆ ಸೇಸಮ್ಮ. "ಅವನು ಇಟ್ಟಲ್ಲೇ ಉಂಟು."

"ನೋಡಲಿಕ್ಕೆ ಒಮ್ಮೆ ತಿರುಗಿಸಬೇಕಾದೀತು ಸೇಸಕ್ಕ. ಗುರುತು ಮಾಡಿ ಇಡ್ತೇನೆ, ಪುನಃ ಅಲ್ಲಿಗೇ ತರ್ತೇನೆ." ಎಲೆಯಡಿಕೆಯ ತಟ್ಟೆಯಿಂದ ಸುಣ್ಣ ತೆಗೆದು, ಮುಳ್ಳಿನ ನೇರಕ್ಕೆ ಗಾಜಿನ ಮೇಲೆ ಚುಕ್ಕೆ ಇಡುತ್ತಾರೆ. ಹೀಗೆ ಬರುವ ಎಲ್ಲ ರೇಡಿಯೋಗಳಿಗೂ ಇಡುತ್ತಾರಂತೆ, ಯಾರೂ ಕೇಳದಿದ್ದರೂ.

ಕಿಲುಬು ಉಜ್ಜಿ, ಒರೆಸಿ, ಸವೆದುಹೋದ ಗೆರೆಯ ಜಾಗಕ್ಕೆ ಕೂದಲೆಳೆಯ ತಂತಿ ಕೂರಿಸುತ್ತಾರೆ. ಕಾದ ಕೋಲು ರಾಳಕ್ಕೆ ತಾಗಿದೊಡನೆ ಚುಯ್ ಎನ್ನುತ್ತದೆ. ಹೆಚ್ಚು ಹೊತ್ತು ಒತ್ತಿದರೆ ಉಳಿದ ತಾಮ್ರವೂ ಎದ್ದು ಬರುತ್ತದೆ, ಅವಸರದಲ್ಲಿ ಎತ್ತಿದರೆ ಬೆಸುಗೆ ಹಿಡಿಯುವುದಿಲ್ಲ. ಕೋಲು ಆರುತ್ತದೆ, ಮತ್ತೆ ಕೆಂಡಕ್ಕೆ ಹೋಗುತ್ತದೆ. ಸೇಸಮ್ಮ ಉಸಿರು ಬಿಗಿಹಿಡಿದು ಕೂತಿದ್ದಾರೆ. ನಿಜ ಹೇಳಬೇಕೆಂದರೆ ನಾನೂ ಅಷ್ಟೇ.

ಹೊಸ ಸೆಲ್ ಬಿದ್ದ ಮೇಲೆ ಮೊದಲು ಬರೀ ಗೊರಗೊರ. ಆಮೇಲೆ ಸಿಲೋನಿನಿಂದ ಯಾವುದೋ ಹಿಂದಿ ಹಾಡು. ಮುಳ್ಳನ್ನು ತಿರುಗಿಸಬೇಕಾಗಿ ಬರಲೇ ಇಲ್ಲ.

"ಸಣ್ಣದು ಮಾಡು ಅಂತ ಬೈತಿದ್ದೆ" ಎನ್ನುತ್ತಾರೆ ಸೇಸಮ್ಮ. "ದಿನಾ ಬೈತಿದ್ದೆ." ಹಾಡು ಮುಗಿಯುವವರೆಗೆ ಅತ್ತರು.

ಕಣ್ಣೊರೆಸಿಕೊಳ್ಳುವಾಗ ಅವರ ದೃಷ್ಟಿ ಒಳಗಿನ ಹಲಗೆಯ ಮೇಲೆ ಹೋಗುತ್ತದೆ. ಅಲ್ಲೊಂದು ರೇಡಿಯೋ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದು. "ಅದು ಯಾರದ್ದು?"

"ದಮಯಂತಿಯದ್ದು." ಹೆರಿಗೆಗೆಂದು ಬೆಳ್ತಂಗಡಿ ಕಡೆಯ ತವರಿಗೆ ಹೋದವರು ಮರಳಲಿಲ್ಲ, ಮಗುವೂ ಉಳಿಯಲಿಲ್ಲ. ಎರಡು ವರ್ಷವಾಯಿತು. ಹೊರಡುವಾಗ ಆಕೆಯೇ ಸುತ್ತಿಟ್ಟ ರೇಡಿಯೋವನ್ನು ಇವರು ಅಂದಿನಿಂದ ಮುಟ್ಟಿಲ್ಲ. "ಊರಿಗೆಲ್ಲ ಬುದ್ಧಿ ಹೇಳಿದವ ನಾನು, ನನ್ನ ಮನೆಯದ್ದರ ಸೆಲ್ ತೆಗೀಲಿಲ್ಲ. ಒಳಗೆ ಎಂತ ಆಗಿರ್ತದೆ ಅಂತ ನನಗೆ ಗೊತ್ತುಂಟಲ್ಲ ಸೇಸಕ್ಕ. ಅವಳದ್ದನ್ನು ಹಾಗೆ ನೋಡ್ಲಿಕ್ಕೆ ನನ್ನಿಂದ ಆಗುವುದಿಲ್ಲ."

ಸೇಸಮ್ಮ ತಮ್ಮ ರೇಡಿಯೋವನ್ನು ಬೆಂಚಿನ ಮೇಲಿಡುತ್ತಾರೆ. "ನನ್ನ ಮಗನದ್ದನ್ನು ನೀನು ತೆರೆದೆ. ಅದನ್ನೂ ತೆರೆ. ನಾನು ಕೂತಿರ್ತೇನೆ. ಬಸ್ಸು ಇನ್ನೊಂದು ಉಂಟು."

ತುಕ್ರಪ್ಪ ಮತ್ತೆ ಕೆಂಡ ಊದಿ, ಕೋಲು ಕಾಯಲಿಕ್ಕಿಟ್ಟು ಎದ್ದು ಹೋಗುತ್ತಾರೆ. ಹಲಗೆಯಿಂದ ಇಳಿಸುವಾಗಲೇ ಕೈ ತಡೆಯುತ್ತದೆ. "ಭಾರವೇ ಇಲ್ಲ" ಎಂದು ತಮಗೇ ಹೇಳಿಕೊಳ್ಳುತ್ತಾರೆ.

ಬೆನ್ನು ಬಿಚ್ಚುತ್ತಾರೆ. ಸೇಸಮ್ಮ ದೀಪ ಹಿಡಿದಿದ್ದಾರೆ. ಕಿಲುಬಿಲ್ಲ. ತಾಮ್ರದ ಗೆರೆಗಳು ತಂದ ದಿನದಂತೆ ಹೊಳೆಯುತ್ತಿವೆ. ಸೆಲ್ ಇರಬೇಕಾದ ಜಾಗ ಖಾಲಿ. ಒರೆಸಿ ಇಟ್ಟ ಹಾಗೆ ಚೊಕ್ಕ.

ಕೋಲು ಕಾದು ಕೆಂಪಾಗಿದೆ. ತುಕ್ರಪ್ಪ ಅದನ್ನು ಕೆಂಡದಿಂದ ತೆಗೆದು ಪಕ್ಕಕ್ಕಿಡುತ್ತಾರೆ.

"ಇದರಲ್ಲಿ ನನಗೆ ಕೆಲಸವೇ ಇಲ್ಲ ಸೇಸಕ್ಕ" ಎನ್ನುತ್ತಾರೆ. "ಇಷ್ಟು ಜನರಿಗೆ ಹೇಳಿದೆ. ಕೇಳಿದವಳು ಅವಳೊಬ್ಬಳೇ."